ಹಗ್ಗದಂಗಡಿಯ ಕಿಂಡಿ

ಬೆಳಿಗ್ಗೆ ಎಂಟೂವರೆಗೆ ಅಂಗಡಿಯ ಬಾಗಿಲ ಹಲಗೆಗಳನ್ನು ಒಂದೊಂದಾಗಿ ತೆಗೆದು ಒಳಗೆ ಒರಗಿಸುತ್ತಿದ್ದ ಯಜ್ಞೇಶ್ವರ ಐದನೆಯ ಹಲಗೆಯನ್ನು ಹಿಡಿದುಕೊಂಡು ಹಾಗೆಯೇ ನಿಂತುಬಿಟ್ಟ. ಬೀದಿಯ ಮೇಲಿನ ತುದಿಯಲ್ಲಿ ಉಳಿ ಸುತ್ತಿಗೆಯ ಸದ್ದು ಶುರುವಾಗಿತ್ತು. ನಿನ್ನೆ ಸಂಜೆ ಕೆಲಸದವರು ಗಡಿಯಾರ ರಿಪೇರಿಯ ಅಂಗಡಿಯವರೆಗೆ ಬಂದು ನಿಲ್ಲಿಸಿದ್ದರು. ಅಲ್ಲಿಂದ ಅವನ ಹಗ್ಗದಂಗಡಿಗೆ ನಾಲ್ಕೇ ಬಾಗಿಲು. 'ನಾಳೆ ಹನ್ನೊಂದು ಗಂಟೆಗೆ ನಿಮ್ಮ ಗೋಡೆ ಸರ್, ಆ ಹಗ್ಗದ ಸ್ಟ್ಯಾಂಡ್ ಒಂದು ಸರಿಸಿ ಇಡ್ತೀರಾ?' ಎಂದು ಕೆಲಸದ ಉಸ್ತುವಾರಿಯ ಹುಡುಗಿ ತನ್ಮಯೀ ಹೇಳಿ ಹೋಗಿದ್ದಳು. ಆಯಿತಮ್ಮ ಎಂದು ತಲೆಯಾಡಿಸಿ, ಅವಳು ತಿರುವು ದಾಟಿದ ಮೇಲೆ ಆ ಸ್ಟ್ಯಾಂಡಿನ ಮುಂದೆ ಇನ್ನೆರಡು ನೈಲಾನ್ ಹಗ್ಗದ ಸುರುಳಿಗಳನ್ನು ಉರುಳಿಸಿಕೊಂಡು ಬಂದು ನಿಲ್ಲಿಸಿದ್ದ. ಅರುವತ್ತೆಂಟು ವರ್ಷದ ಮನುಷ್ಯ ಮಾಡುವ ಕೆಲಸವೇ ಇದು ಎಂದು ಮನೆಗೆ ಹೋಗುವಾಗ ರಿಕ್ಷಾದಲ್ಲಿ ಕೂತು ತನ್ನನ್ನೇ ಬೈದುಕೊಂಡಿದ್ದ. ಇವತ್ತು ಬೆಳಿಗ್ಗೆ ಹೆಂಡತಿ ವಸುಮತಿ ಬಟ್ಟಲು ನೋಡಿ, 'ಎಂತ, ನೀರುದೋಸೆ ಹಾಗೇ ಉಂಟಲ್ಲ? ಹುಷಾರಿಲ್ವಾ?' ಎಂದದ್ದಕ್ಕೆ, ಸೆಖೆ ಎಂದಿದ್ದ. ಆ ಗೋಡೆಯ ಸಿಮೆಂಟು ಕಿತ್ತರೆ ಏನಾಗುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು. ಗೋಡೆಯ ಆಚೆಗಿರುವುದು ಶುಕೂರನ ಕೊಡೆಯಂಗಡಿ. ಎರಡರ ನಡುವೆ ಒಂದು ಕಿಂಡಿ ಇತ್ತು. ಅದನ್ನು ಮುಚ್ಚಿದವನು ಶುಕೂರ್ ಎಂದು ಇಪ್ಪತ್ತಾರು ವರ್ಷಗಳಿಂದ ಕೇಳಿದವರಿಗೆಲ್ಲ ಯಜ್ಞೇಶ್ವರ ಹೇಳಿಕೊಂಡು ಬಂದಿದ್ದ. ಮುಚ್ಚಿದವನು ಅವನೇ.

ಪುತ್ತೂರಿನ ಈ ಹಳೆಯ ಬೀದಿಗೆ ಹೊಸ ಜೀವ ಕೊಡುತ್ತಾರಂತೆ. ಚರಂಡಿಗೆ ಚಪ್ಪಡಿ, ನಡೆಯಲು ಕಲ್ಲುಹಾಸು, ಎಲ್ಲ ಅಂಗಡಿಗಳಿಗೆ ಒಂದೇ ಅಳತೆಯ ಬೋರ್ಡು, ಗೋಡೆಯ ಸಿಮೆಂಟು ಕಿತ್ತು ಒಳಗಿನ ಮುರಕಲ್ಲು ಕಾಣುವ ಹಾಗೆ ಮಾಡುವುದು. ವ್ಯಾಪಾರಸ್ಥರ ಸಭೆಯಲ್ಲಿ ಮೊದಲು ಕೈಯೆತ್ತಿದವನು ಯಜ್ಞೇಶ್ವರನೇ. ಎತ್ತದೆ ಏನು ಮಾಡುವುದು? ಜನ ಈಗ ಕಾರು ನಿಲ್ಲಿಸಲು ಜಾಗವಿರುವ ಕಡೆ ಹೋಗುತ್ತಾರೆ. ಅಡಿಕೆ ಕೊಯ್ಯುವವರು ನೆಲದ ಮೇಲೆ ನಿಂತು ಕಾರ್ಬನ್ ದೋಟಿಯಲ್ಲಿ ಗೊನೆ ಇಳಿಸುತ್ತಾರೆ, ಮರ ಹತ್ತುವ ತಳೆಹಗ್ಗ ಕೇಳಿ ಒಬ್ಬ ಬಂದು ಎಷ್ಟು ತಿಂಗಳಾಯಿತು. ಸಭೆಯಲ್ಲಿ ಎಲ್ಲರ ಕೈಗೂ ಚಹಾ ಬಂದ ಮೇಲೆ ತನ್ಮಯೀ, 'ಈ ಬೀದಿ ಮೊದಲು ಹೇಗಿತ್ತು, ಹಿರಿಯರು ಹೇಳ್ಬೇಕು' ಎಂದಳು. ಅಷ್ಟೇ ಸಾಕಾಯಿತು. ಹಳೆಯದನ್ನು ಹೇಳುವ ಸುಖವೇ ಬೇರೆ, ನಾಲಗೆಗೆ ಕಡಿವಾಣವಿರುವುದಿಲ್ಲ. ಸೋಮವಾರದ ಸಂತೆಯ ದಿನ ಕೊಲ್ಲಮೊಗ್ರಿನಿಂದ, ಆಲಂಕಾರಿನಿಂದ ಬರುವ ಬಸ್ಸುಗಳು, ಟಾಪಿನ ಮೇಲೆ ಬುಟ್ಟಿಗಳು, ಇಡೀ ಬೀದಿಗೆ ಹರಡುವ ಹೊಸ ನಾರಿನ ಹಗ್ಗದ ವಾಸನೆ, ಮೇ ತಿಂಗಳ ಕೊನೆಗೆ ಶುಕೂರನ ಅಂಗಡಿಯ ಮುಂದೆ ರಿಪೇರಿಗೆ ಬಂದ ಕೊಡೆಗಳ ರಾಶಿ. ಹೇಳುತ್ತ ಹೇಳುತ್ತ ಕಿಂಡಿಯ ಸುದ್ದಿಯೂ ಬಾಯಿಂದ ಬಿತ್ತು. ಸಭೆ ನಕ್ಕಿತು, ಯಾರೋ ಚಪ್ಪಾಳೆ ತಟ್ಟಿದರು. ಅವನ ಮುಖ ಅರಳಿತು. ತನ್ಮಯೀ ಬರೆದುಕೊಳ್ಳುವುದನ್ನು ಕಂಡಾಗಲೇ ಅವನು ಮಾತು ನಿಲ್ಲಿಸಿದ್ದು. 'ಆ ಕಿಂಡಿಯನ್ನು ತೆರೆಯುವ ಸರ್' ಎಂದಳು ಅವಳು.

ಈಗ ಗಲ್ಲೆಯ ಹಿಂದೆ ಕೂತು ಸ್ಟ್ಯಾಂಡಿನ ಕಡೆ ನೋಡಿದರೆ ಹಗ್ಗದ ಸುರುಳಿಗಳ ಹಿಂದೆ ಕಿಂಡಿ ಇದ್ದ ಜಾಗ ಅವನಿಗೆ ಸರಿಯಾಗಿ ಗೊತ್ತಾಗುತ್ತಿತ್ತು. ಒಂದೂವರೆ ಗೇಣು ಅಗಲ, ಒಂದು ಗೇಣು ಎತ್ತರ. ಈಶ್ವರಮಂಗಲದ ತೋಟವನ್ನು ತಮ್ಮನಿಗೆ ಬಿಟ್ಟು ಪೇಟೆಗೆ ಬಂದು ಅಂಗಡಿ ಹಾಕಿದ ಅಪ್ಪ ಮಾಡಿಸಿದ ಕಿಂಡಿ ಅದು. ಅಪ್ಪನಿಗೆ ಒಂದು ವ್ರತವಿತ್ತು. ಅಂಗಡಿಯಲ್ಲಿ ಕೂತು 'ಇಲ್ಲ' ಎನ್ನಬಾರದು. ಮುಗಿದಿದ್ದರೆ 'ಬರ್ಲಿಕ್ಕುಂಟು' ಎನ್ನಬೇಕು. ಇಟ್ಟುಕೊಳ್ಳದ ಸಾಮಾನು ಕೇಳಿದರೆ 'ಕೂತುಕೊಳ್ಳಿ, ತರಿಸ್ತೇನೆ' ಎನ್ನಬೇಕು. ಇಲ್ಲ ಎಂದರೆ ಲಕ್ಷ್ಮಿಗೆ ಕೇಳಿಸುತ್ತದಂತೆ. ಆಚೆಯ ಅಂಗಡಿಯಲ್ಲಿ ಶುಕೂರನ ತಂದೆಗೂ ಇಂಥದ್ದೇ ಒಂದು ನಂಬಿಕೆಯಿತ್ತು, ಬರಕತ್ತು, ದೇವರು ಕೊಟ್ಟ ಏಳಿಗೆ, ಹೋಗುತ್ತದೆ ಎಂದು. ಇಬ್ಬರು ಮುದುಕರು ಸೇರಿ ಗೋಡೆಯಿಂದ ಒಂದು ಕಲ್ಲು ತೆಗೆಸಿ, ಆಚೆಯ ಕಡೆ ಒಂದು ಪುಟ್ಟ ಮರದ ಬಾಗಿಲು ಇಡಿಸಿದರು. ಹಗ್ಗ ಕೊಳ್ಳಲು ಬಂದವನು ಟಾರ್ಚು ಕೇಳಿದರೆ ಗೋಡೆಗೆ ಎರಡು ಸಲ ಬಡಿದು 'ಉಂಟಾ?' ಎನ್ನುವುದು. ಆಚೆಯಿಂದ 'ಉಂಟು' ಎಂಬ ಉತ್ತರದ ಹಿಂದೆಯೇ ಟಾರ್ಚು ಬರುವುದು. ಕೊಡೆ ಕೊಳ್ಳಲು ಬಂದವನಿಗೆ ಕತ್ತಿ ಬೇಕಾದರೆ ಈಚೆಯಿಂದ ಕತ್ತಿ, ಹಿಡಿ ಮುಂದಾಗಿ. ಅಪ್ಪಂದಿರು ಹೋದ ಮೇಲೆ ಕಿಂಡಿಯ ಎರಡು ಕಡೆ ಯಜ್ಞೇಶ್ವರ ಮತ್ತು ಶುಕೂರ್ ಕೂತರು. ಇಬ್ಬರೂ ಒಬ್ಬರನ್ನೊಬ್ಬರು ತಮಾಷೆಗೆ 'ಸಾವ್ಕಾರ್ರೆ' ಎಂದು ಕರೆಯುತ್ತಿದ್ದರು, ಇಬ್ಬರೂ ಸಾವ್ಕಾರರಲ್ಲದ್ದರಿಂದ. ದಿನಕ್ಕೆ ಎಷ್ಟೋ ಸಲ ಆ ಚೌಕದಲ್ಲಿ ಶುಕೂರನ ಕೈ ಕಾಣುತ್ತಿತ್ತು, ಹೆಬ್ಬೆರಳಿನ ಬುಡದಲ್ಲಿ ಕೊಡೆಯ ಕಡ್ಡಿ ಚುಚ್ಚಿದ ಹಳೆಯ ಗಾಯ. ಮುಖಕ್ಕಿಂತ ಆ ಕೈಯೇ ಅವನಿಗೆ ಹೆಚ್ಚು ಪರಿಚಯ. ಆ ದಿನಗಳನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ, ಅದನ್ನು ಹಾಳು ಮಾಡಿದವನು ತಾನೇ ಎನ್ನುವುದು ಆಮೇಲೆ ನೆನಪಾಗುತ್ತದೆ.

ಹನ್ನೊಂದಕ್ಕೆ ಸರಿಯಾಗಿ ತನ್ಮಯೀ ಬಂದಳು. ತಲೆಯ ಮೇಲೆ ಹಳದಿ ಹೆಲ್ಮೆಟ್ಟು, ಕೈಯಲ್ಲಿ ಒಂದು ಹಾಳೆ. ಹಿಂದೆ ಮೇಸ್ತ್ರಿ ಕುಶಾಲಪ್ಪ, ಸುಳ್ಯದ ಕಡೆಯವನು, ಮಾತು ಕಡಿಮೆ. ಸ್ಟ್ಯಾಂಡಿನ ಮುಂದೆ ನಿಂತ ಸುರುಳಿಗಳನ್ನು ಅವನು ಒಂದು ಸಲ ನೋಡಿ, ಏನೂ ಕೇಳದೆ ಒಂದೊಂದಾಗಿ ಹೊರಗೆ ಸಾಗಿಸತೊಡಗಿದ.

'ಸರ್, ಪ್ರತಿ ಅಂಗಡಿಯ ಮುಂದೆ ಅದರ ಕಥೆಯ ಒಂದು ಫಲಕ ಹಾಕ್ತೇವಲ್ಲ, ನಿಮ್ಮಿಬ್ಬರ ಕಿಂಡಿದು ಓದ್ತೇನೆ, ಕೇಳಿ. ಇದು ತಾಮ್ರದ ತಗಡಿನ ಮೇಲೆ ಕೊರೆಯುದು, ಮತ್ತೆ ತಿದ್ಲಿಕ್ಕೆ ಆಗುದಿಲ್ಲ.' ಅವಳು ಹಾಳೆ ಎತ್ತಿ ಶಾಲೆಯ ಮಗುವಿನ ಹಾಗೆ ಓದಿದಳು: 'ಈ ಕಿಂಡಿಯ ಮೂಲಕ ಎರಡು ಅಂಗಡಿಗಳು ನಲುವತ್ತು ವರ್ಷ ಸಾಮಾನು ಹಂಚಿಕೊಂಡವು. ಇಲಿಗಳ ಕಾಟದಿಂದಾಗಿ ಕೊಡೆ ವ್ಯಾಪಾರಿ ಶುಕೂರ್ ಅವರು ಇದನ್ನು ಮುಚ್ಚಿಸಿದರು.'

'ಇಲಿಯಾ?' ಎಂದ ಯಜ್ಞೇಶ್ವರ. 'ಇಲಿ ಅಂತ ಯಾರು ಹೇಳಿದ್ದು?'

'ಶುಕೂರ್ ಅಜ್ಜನೇ. ನೀವು ಸಭೆಯಲ್ಲಿ ಅವರು ಮುಚ್ಚಿದ್ದು ಅಂತ ಹೇಳಿದ್ರಲ್ಲ, ನಾನು ಹೋಗಿ ಕೇಳಿದೆ. ಹೌದು, ನಾನೇ ಮುಚ್ಚಿಸಿದ್ದು, ಇಲಿ ಬಂದು ಕೊಡೆಯ ಬಟ್ಟೆ ಕಡೀತಿತ್ತು ಹೇಳಿದ್ರು.'

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಒಂದು ನಿಮಿಷ ಸರ್ ಎಂದು ಹೊರಗಿನ ಮೆಟ್ಟಿಲಿಗೆ ಹೋದಳು. ಯಜ್ಞೇಶ್ವರ ಸ್ಟೂಲಿನ ಮೇಲೆ ಕೂತ. ಅವನು ಜನರಿಗೆ ಹೇಳುತ್ತಿದ್ದ ಸುಳ್ಳೇ ಬೇರೆ. ಶುಕೂರನ ಮಗ ಗಲ್ಫಿನಿಂದ ಬಂದು ಅಂಗಡಿಗೆ ಗಾಜಿನ ಕಪಾಟು ಮಾಡಿಸುತ್ತಾನಂತೆ, ಅದಕ್ಕೆ ಗೋಡೆ ಬೇಕಂತೆ, ಮುಚ್ಚಿಸಿದರು ಮಾರಾಯ್ರೆ, ನಾನು ಎಂತ ಹೇಳುದು ಎಂದು. ಆ ಸುಳ್ಳು ಬೀದಿ ಸುತ್ತಿ ಆಚೆಯ ಅಂಗಡಿಗೆ ಹೋಗದೆ ಇರುತ್ತದೆಯೇ? ಹೋಗಿದೆ. ಅಲ್ಲಿ ಶುಕೂರ್ ಅದನ್ನು ತೆಗೆದುಕೊಂಡು, ಒಂದು ಇಲಿಯನ್ನೂ ಸೇರಿಸಿ, ತನ್ನದೇ ಮಾಡಿಕೊಂಡು ಕೂತಿದ್ದಾನೆ. ತನ್ನ ಕಳ್ಳತನವನ್ನು ಇಷ್ಟು ವರ್ಷ ಯಾರೋ ಕಾದುಕೊಂಡು ಬಂದಿದ್ದಾರೆ ಎನ್ನುವುದು ಅವನಿಗೆ ಸಮಾಧಾನ ಕೊಡಬೇಕಿತ್ತು. ಅದರ ಬದಲು ಕಿವಿಯವರೆಗೆ ಬಿಸಿಯಾಯಿತು, ಸಂತೆಯ ನಡುವೆ ಪಂಚೆ ಬಿಚ್ಚಿಹೋದವನಿಗೆ ಆಗುವ ಹಾಗೆ.

ಇಪ್ಪತ್ತಾರು ವರ್ಷದ ಹಿಂದೆ ಅವತ್ತು ಹಗ್ಗಕ್ಕೆ ಬಂದಿದ್ದವರು ಮೂವರು. ಪರಿಚಯದವರೇ, ತೋಟದವರು, ಮದುವೆ ಮುಂಜಿಗಳಲ್ಲಿ ಪಕ್ಕದಲ್ಲಿ ಕೂತು ಉಣ್ಣುವವರು. ಊರಿನ ಗಾಳಿ ಸ್ವಲ್ಪ ಕೆಟ್ಟಿದ್ದ ಸಮಯ. ಒಬ್ಬ ಟಾರ್ಚಿನ ಬ್ಯಾಟರಿ ಕೇಳಿದ, ಯಜ್ಞೇಶ್ವರ ಅಭ್ಯಾಸದಂತೆ ಗೋಡೆಗೆ ಬಡಿದ, ಕೈ ಬಂತು, ಬ್ಯಾಟರಿ ಕೊಟ್ಟಿತು, ಹೋಯಿತು. 'ಭಟ್ರೆ, ನಿಮ್ಮ ಗೋಡೆಗೆ ಒಟ್ಟೆ ಉಂಟಲ್ಲ' ಎಂದ ಇನ್ನೊಬ್ಬ. 'ಆಚೆಯವರ ವ್ಯಾಪಾರ ಈಚೆ ಕೂತು ಮಾಡಿಕೊಡುದಾ ನೀವು?' ಗದರಿಸಲಿಲ್ಲ, ಬೆದರಿಸಲಿಲ್ಲ, ನಗುನಗುತ್ತಲೇ ಹೇಳಿದ. ಯಜ್ಞೇಶ್ವರನೂ ನಕ್ಕ. ಆ ನಗು ಈಗಲೂ ಅವನಿಗೆ ಕೇಳಿಸುತ್ತದೆ. ಅವರು ಬೆದರಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದಾನೆ, ಹೆದರಿ ಮಾಡಿದೆ ಎಂದು ಹೇಳಿಕೊಳ್ಳಬಹುದಿತ್ತು. ನಗುವಾಗ ಕಿಂಡಿ ತೆರೆದೇ ಇತ್ತು, ಆಚೆ ಶುಕೂರ್ ಕೊಡೆಗೆ ಕಡ್ಡಿ ಹೊಲಿಯುತ್ತಿದ್ದ. ಎರಡು ದಿನ ಕಳೆದು ಶುಕ್ರವಾರ. ಮಧ್ಯಾಹ್ನ ಜುಮಾ ನಮಾಜಿಗೆ ಹೋಗುವಾಗ ಶುಕೂರ್ ಯಾವಾಗಿನಂತೆ ಕಿಂಡಿಯಲ್ಲಿ ಬಾಗಿ, 'ಸಾವ್ಕಾರ್ರೆ, ಅಂಗಡಿ ಒಂದು ನೋಡ್ಕೊಳ್ಳಿ' ಎಂದ. 'ಹೋಗಿ ಬನ್ನಿ' ಎಂದು ಯಜ್ಞೇಶ್ವರ ಹೇಳಿದ. ಊರಿನವನಾದರೆ ಬಾಯಿಬಿಡುತ್ತಾನೆಂದು ಆಲಂಕಾರಿನಿಂದ ಕರೆಸಿದ್ದ ಗಾರೆಯವನು ಹಿಂದಿನ ಬಾಗಿಲಲ್ಲಿ ಕಾಯುತ್ತಿದ್ದ. ಒಂದು ಗಂಟೆಯ ಕೆಲಸವೂ ಅಲ್ಲ. ಯಾರ ಅಂಗಡಿಯನ್ನು ನೋಡಿಕೊಳ್ಳಲು ಒಪ್ಪಿಕೊಂಡಿದ್ದನೋ ಆ ಅಂಗಡಿಯನ್ನು ಆ ಗಂಟೆಯಲ್ಲಿ ಕಣ್ಣಿನಿಂದ ಮರೆ ಮಾಡಿದ. ಹಗ್ಗದ ಸ್ಟ್ಯಾಂಡು ತಂದು ಎದುರು ನಿಲ್ಲಿಸಿದ.

ಸಂಜೆ ನಾಲ್ಕಕ್ಕೆ ಆಚೆಯಿಂದ ಎರಡು ಸಲ ಬಡಿದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮೂರನೆಯದು. ಯಜ್ಞೇಶ್ವರ ಉಸಿರು ಹಿಡಿದು ಕೂತ. ಸಿಮೆಂಟಿನ ದೂಳು ಗಂಟಲಿನಲ್ಲಿ ಕೂತಿತ್ತು, ತಡೆದಷ್ಟೂ ಹೆಚ್ಚಾಗಿ ಕೊನೆಗೆ ಕೆಮ್ಮಿಬಿಟ್ಟ. ಕಲ್ಲಿನ ಗೋಡೆ, ಕೇಳಿಸಿರಲಿಕ್ಕಿಲ್ಲ ಎಂದುಕೊಂಡ. ಮತ್ತೆ ಯಾವತ್ತೂ ಆ ಗೋಡೆಗೆ ಯಾರೂ ಬಡಿಯಲಿಲ್ಲ. ಬೀದಿಯಲ್ಲಿ ಎದುರಾದರೆ ತಲೆಯಾಡಿಸುವುದು, ಮಳೆ ಹೇಗೆ, ಮಕ್ಕಳು ಹೇಗೆ, ಅಷ್ಟು. ಕಿಂಡಿ ಮುಚ್ಚುವ ಹಿಂದಿನ ವಾರ ವಸುಮತಿಯ ಮಡಿಸುವ ಕೊಡೆಯ ಗುಂಡಿ ಸಿಕ್ಕಿಕೊಂಡಿತೆಂದು ಕಿಂಡಿಯಲ್ಲಿ ರಿಪೇರಿಗೆ ಕೊಟ್ಟಿದ್ದ. 'ಕೊಡೆ ಎಂತಾಯ್ತು?' ಎಂದು ಅವಳು ಕೇಳಿದಾಗೆಲ್ಲ 'ಬರ್ಲಿಕ್ಕುಂಟು' ಎಂದ. ಎರಡು ಮಳೆಗಾಲ ಕೇಳಿ ಅವಳು ಕೇಳುವುದನ್ನು ಬಿಟ್ಟಳು.

'ಭಟ್ರೆ' ಎಂದ ಕುಶಾಲಪ್ಪ. ಸ್ಟ್ಯಾಂಡು ಹೊರಗೆ ಹೋಗಿತ್ತು. ಅವನು ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ತಟ್ಟಿ ತಟ್ಟಿ ಟೊಳ್ಳು ಸದ್ದು ಬಂದಲ್ಲಿ ನಿಂತು ಮೇಲಿನ ಪದರವನ್ನು ಅಂಗೈಯಗಲ ಕಿತ್ತಿದ್ದ. ಒಳಗೆ ತೆಳು ಕಲ್ಲುಗಳು, ಅವುಗಳ ಸಂದಿಗೆ ಒತ್ತಿದ ಗಾರೆ, ಗಾರೆಯ ಮೇಲೆ ಯಾರದೋ ಬೆರಳಿನ ಗೆರೆಗಳು. 'ಇದು ಈಚೆಯಿಂದ ಮುಚ್ಚಿದ್ದಲ್ವಾ?'

ಯಜ್ಞೇಶ್ವರ ಬಾಗಿಲಿನ ಕಡೆ ನೋಡಿದ. ತನ್ಮಯೀ ಮೆಟ್ಟಿಲ ಮೇಲೆ ಬೆನ್ನು ಹಾಕಿ ನಿಂತು ಯಾರಿಗೋ ಪೈಪಿನ ಅಳತೆ ಹೇಳುತ್ತಿದ್ದಳು.

'ನಂಗೆಂತ' ಎಂದ ಕುಶಾಲಪ್ಪ, ಅವನ ಮುಖ ನೋಡಿ ದನಿ ತಗ್ಗಿಸಿ. 'ನಾನು ಕಲ್ಲಿನ ಕೆಲಸದವ. ಯಾರೂ ಕೇಳದೆ ನಾನು ಹೇಳುದಿಲ್ಲ.'

ತನ್ನ ಸುಳ್ಳಿನ ಕಾವಲಿಗೆ ಇನ್ನೊಬ್ಬ ಸಿಕ್ಕಿದ. ಸುಮ್ಮನಿದ್ದರೆ ಮುಗಿಯಿತು, ತಾಮ್ರದ ತಗಡು ಬರುತ್ತದೆ, ಇಲಿಗಳು ಬರುತ್ತವೆ, ಶುಕೂರನ ಹೆಸರು ಬರುತ್ತದೆ. ಬೀದಿ ನೋಡಲು ಬಂದವರು ಓದಿ, ಪಾಪ ಭಟ್ಟರು, ಎಂದು ಮುಂದೆ ಹೋಗುತ್ತಾರೆ. ಶುಕೂರನ ಮೊಮ್ಮಕ್ಕಳು ದಿನವೂ ಅದರ ಕೆಳಗೆ ಅಂಗಡಿ ತೆರೆಯುತ್ತಾರೆ. ತಾನು ಸತ್ತ ಮೇಲೂ ಆ ತಗಡು ಹಾಗೆಯೇ ಅಲ್ಲಿರುತ್ತದೆ. ತನ್ಮಯೀ ಫೋನು ಚೀಲಕ್ಕೆ ಹಾಕಿ ಬಾಗಿಲಲ್ಲಿ ತಲೆ ತೂರಿಸಿ, 'ಸರ್, ಅಜ್ಜನನ್ನು ಕರ್ಕೊಂಡು ಬಂದಿದ್ದಾರೆ. ಇಬ್ಬರೂ ಒಟ್ಟಿಗೆ ಹೂಂ ಹೇಳಿದ್ರೆ ಈಗ್ಲೇ ಕೊರೆಯುವವರಿಗೆ ಕಳಿಸಿಬಿಡ್ತೇನೆ. ಆಚೆ ಬರ್ತೀರಾ?' ಎಂದಳು.

ಶುಕೂರನ ಅಂಗಡಿಗೆ ಮೂರು ಮೆಟ್ಟಿಲು. ಇಪ್ಪತ್ತಾರು ವರ್ಷದಲ್ಲಿ ಅವನು ಅದನ್ನು ಹತ್ತಿರಲಿಲ್ಲ, ಈಗ ಎರಡನೆಯ ಮೆಟ್ಟಿಲು ಸವೆದದ್ದು ಕಾಲಿಗೆ ಕೂಡಲೇ ನೆನಪಾಯಿತು. ಒಳಗೆ ಮೊಬೈಲ್ ಕವರುಗಳು, ಮಕ್ಕಳ ರೈನ್‌ಕೋಟುಗಳು, ಮೂಲೆಯಲ್ಲಿ ಕೊಡೆಗಳು. ಶುಕೂರ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಬಿಳಿ ಟೊಪ್ಪಿ, ಕಣ್ಣಿಗೆ ಪೊರೆ ಬಂದು ಕರಿ ಕನ್ನಡಕ, ಮೊಣಕಾಲಿನ ಮೇಲೆ ಎರಡು ಕೈ. ಹೆಬ್ಬೆರಳಿನ ಬುಡದ ಗಾಯ ಅಲ್ಲೇ ಇತ್ತು. ಈಗ ಅಂಗಡಿ ನಡೆಸುವ ಮೊಮ್ಮಗಳು ಸುಹಾನಾ ಇನ್ನೊಂದು ಕುರ್ಚಿ ಒರೆಸಿ ಕೊಟ್ಟಳು. ಯಜ್ಞೇಶ್ವರ ಕೂರಲಿಲ್ಲ.

'ಯಾರು?' ಎಂದ ಶುಕೂರ್.

'ಭಟ್ಟಜ್ಜ ಬಂದದ್ದು, ಆಚೆಯವರು' ಎಂದಳು ಸುಹಾನಾ.

'ಓ' ಎಂದ ಶುಕೂರ್, ಅಷ್ಟೇ.

ಗಾಜಿನ ಕಪಾಟನ್ನು ಗೋಡೆಯಿಂದ ಸರಿಸಿದ್ದರು. ಅಲ್ಲಿ ಕಿಂಡಿಯ ಪುಟ್ಟ ಮರದ ಬಾಗಿಲು ಹಾಗೆಯೇ ಇತ್ತು, ಮೇಲೆ ಗಾರೆಯಿಲ್ಲ, ಸಿಮೆಂಟಿಲ್ಲ, ಒಂದು ಸಣ್ಣ ಚಿಲಕ. ಈ ಕಡೆಯಿಂದ ಯಾರೂ ಮುಚ್ಚಿದ್ದೇ ಅಲ್ಲ ಎಂದು ಕಣ್ಣಿದ್ದವರಿಗೆ ಕಾಣುತ್ತಿತ್ತು. ತನ್ಮಯೀ ಅದನ್ನು ನೋಡಿದಳು, ಕೈಯ ಹಾಳೆಯನ್ನು ನೋಡಿದಳು. ಅವಳ ಹುಬ್ಬು ಸ್ವಲ್ಪ ಮೇಲೆ ಹೋಯಿತು.

'ಅಜ್ಜ, ಇದನ್ನು ನೀವೇ ಅಲ್ವಾ ಮುಚ್ಚಿಸಿದ್ದು?'

'ಹೌದು, ಹೌದು. ಇಲಿ' ಎಂದ ಶುಕೂರ್ ಕೂಡಲೇ, ಪಾಠ ಒಪ್ಪಿಸುವವನಂತೆ.

'ಸರ್, ಸರಿ ಉಂಟಲ್ವಾ? ಕಳಿಸುವನಾ?'

ಯಜ್ಞೇಶ್ವರನ ಬಾಯಿಗೆ ಬಂದದ್ದು ಅಪ್ಪ ಕಲಿಸಿದ ಮಾತುಗಳು. ನೋಡುವ, ನಾಳೆ ಹೇಳ್ತೇನೆ, ಬರ್ಲಿಕ್ಕುಂಟು. ಐವತ್ತು ವರ್ಷ ಅಂಗಡಿಯಲ್ಲಿ ಕೂತು ಒಂದು ಮಾತನ್ನು ಅವನು ಆಡಿರಲಿಲ್ಲ. ಅದನ್ನು ಹುಡುಕಿ ತೆಗೆಯಲು ಕಷ್ಟವಾಯಿತು.

'ಇಲ್ಲ' ಎಂದ.

ಸುಹಾನಾ ತಲೆಯೆತ್ತಿದಳು.

'ಇಲ್ಲ. ಅವರು ಮುಚ್ಚಿಸಿದ್ದಲ್ಲ. ನಾನು. ಅವರು ನಮಾಜಿಗೆ ಹೋದಾಗ, ಅಂಗಡಿ ನೋಡ್ಕೊಳ್ತೇನೆ ಹೇಳಿ, ನಾನು ಮುಚ್ಚಿಸಿದ್ದು. ಇಲಿಯೂ ಇಲ್ಲ, ಎಂತದೂ ಇಲ್ಲ. ಮೂರು ಜನ ನಕ್ಕದ್ದಕ್ಕೆ.' ಸುಹಾನಾ ಕೊಟ್ಟ ಕುರ್ಚಿಯನ್ನು ಹಿಡಿದುಕೊಂಡ. 'ಅದನ್ನು ಬರೀರಿ ಅಮ್ಮ, ನನ್ನ ಹೆಸರು ಹಾಕಿ.'

ಶುಕೂರ್ ತುಟಿ ಸರಿಸಿ ನಕ್ಕ. ಆ ನಗುವನ್ನು ಯಜ್ಞೇಶ್ವರ ಮರೆತೇಹೋಗಿದ್ದ.

'ನನ್ನ ಅಂಗಡಿಯಲ್ಲಿ ನಿಂತು ಇಲ್ಲ ಇಲ್ಲ ಅಂತ ಎಷ್ಟು ಸಲ ಹೇಳಿದ್ರಿ ಸಾವ್ಕಾರ್ರೆ. ಬರಕತ್ತು ಎಲ್ಲ ಹೋಯ್ತು.'

'ಮತ್ತೆ ನೀವು ಯಾಕಜ್ಜ ನಾನೇ ಮುಚ್ಚಿಸಿದ್ದು ಹೇಳಿದ್ದು?' ಎಂದಳು ತನ್ಮಯೀ.

'ಜನ ಬಂದು ಕೇಳಿದ್ರು, ನೀವಾ ಮುಚ್ಚಿಸಿದ್ದು ಅಂತ. ಅಂಗಡಿಯಲ್ಲಿ ಕೂತು ಇಲ್ಲ ಹೇಳ್ಲಿಕ್ಕೆ ಆಗ್ತದಾ ಮಗಾ?'

ಅಷ್ಟಕ್ಕೇ ಮುಗಿಸಿದ್ದರೆ ಆಗುತ್ತಿತ್ತು. ಆದರೆ ಮನುಷ್ಯ ಪೂರ್ತಿ ಬತ್ತಲಾಗಲು ಒಪ್ಪುವುದಿಲ್ಲ, ಒಂದು ತುಂಡು ಬಟ್ಟೆಯನ್ನಾದರೂ ಹಿಡಿದುಕೊಳ್ಳುತ್ತಾನೆ. 'ಅವತ್ತು ನೀವು ಬಡಿದದ್ದು ನನಗೆ ಕೇಳ್ಲಿಲ್ಲ' ಎಂದ ಯಜ್ಞೇಶ್ವರ.

'ಕೆಮ್ಮಿದ್ರಿ' ಎಂದ ಶುಕೂರ್.

ಸಿಟ್ಟಿಲ್ಲದೆ ಹೇಳಿದ. ಯಜ್ಞೇಶ್ವರ ಈಗ ಕುರ್ಚಿಯಲ್ಲಿ ಕೂತ. ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ, ಕಾಣಬೇಕಾದವನಿಗೆ ಕಣ್ಣು ಕಾಣುತ್ತಿರಲಿಲ್ಲ, ಉಳಿದವರು ಮಕ್ಕಳು. ಶುಕೂರ್ ಸುಹಾನಾಳಿಗೆ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದ. ಅವಳು ಚಿಲಕ ತೆಗೆದು ಕಿಂಡಿಯ ಬಾಗಿಲು ಎಳೆದಳು. ಒಳಗೆ, ಯಜ್ಞೇಶ್ವರ ಹಾಕಿಸಿದ ಕಲ್ಲಿಗೆ ಒತ್ತಿಕೊಂಡು, ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು. ಮೇಲೆ ದಾರದಲ್ಲಿ ಕಟ್ಟಿದ ಚೀಟಿ, ಶುಕೂರನ ಓರೆ ಅಕ್ಷರ: ವಸುಮತಿ ಅಮ್ಮ.

'ಗುಂಡಿ ಸರಿ ಮಾಡಿ ಉಂಟು. ಸ್ಪ್ರಿಂಗ್ ಹೊಸತು ಹಾಕಿದ್ದು. ಈಗ ಬಟ್ಟೆ ಹೇಗೆ ಉಂಟೋ ಗೊತ್ತಿಲ್ಲ.'

ಸುಹಾನಾ ಅದನ್ನು ಎತ್ತಿ ಯಜ್ಞೇಶ್ವರನಿಗೆ ಕೊಡಲು ಹೋದಳು. 'ಬೇಡ, ಅಲ್ಲೇ ಇಡು' ಎಂದ ಶುಕೂರ್. 'ಅಲ್ಲಿಂದ ಕೊಟ್ಟದ್ದು, ಅಲ್ಲಿಂದಲೇ ತೆಕ್ಕೊಳ್ಳಲಿ.'

ಯಜ್ಞೇಶ್ವರ ಮೂರು ಮೆಟ್ಟಿಲು ಇಳಿದು, ತನ್ನ ಅಂಗಡಿಗೆ ಬಂದು, ಗೋಡೆಯ ಎದುರು ನೆಲದ ಮೇಲೆಯೇ ಕೂತ. ತೆಗಿ ಎಂದು ಕುಶಾಲಪ್ಪನಿಗೆ ಹೇಳಿದ. ಮೊದಲ ಕಲ್ಲು ಗಟ್ಟಿಯಾಗಿತ್ತು. ಎರಡನೆಯದು ಸಡಿಲವಾಗಿ ಕೈಗೆ ಬಂತು. ದೂಳು ಎದ್ದಿತು, ಆ ದೂಳಿನಲ್ಲಿ ಆಚೆಯ ಅಂಗಡಿಯ ಬೆಳಕಿನ ಒಂದು ತುಂಡು ಕಂಡಿತು, ಪೇಪರಿನ ಕಟ್ಟು ಕಂಡಿತು, ಅದರ ಹಿಂದೆ ಕಿಂಡಿಯ ಅಂಚನ್ನು ತಡಕಾಡುವ ಒಂದು ಮುದಿ ಕೈ. ಕೈ ಬಾಗಿಲಿನ ಮರವನ್ನು ಕಂಡುಕೊಂಡು ಎರಡು ಸಲ ಬಡಿಯಿತು, ಸ್ವಲ್ಪ ಹೊತ್ತು ಬಿಟ್ಟು ಮೂರನೆಯ ಸಲ.

'ಉಂಟಾ?'

ಉಂಟು ಎನ್ನಲು ಯಜ್ಞೇಶ್ವರ ಬಾಯಿ ತೆರೆದ. ಮೊದಲು ಬಂದದ್ದು ಕೆಮ್ಮು.

'ಕೇಳಿತು ಸಾವ್ಕಾರ್ರೆ' ಎಂದ ಆಚೆಯಿಂದ ಶುಕೂರ್.